ನಲವತ್ತೊಂದು ಸಲ ಸತ್ತವನು

ಹನ್ನೆರಡನೇ ತಾರೀಕು, ಮಂಗಳವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಸಿನಿಮಾ ಕಂಪನಿಯ ಮ್ಯಾನೇಜರ್ ಏದುಸಿರು ಬಿಡುತ್ತಾ ಠಾಣೆಯ ಮೆಟ್ಟಿಲು ಹತ್ತಿದ. ಮೂರೇ ಮೆಟ್ಟಿಲು. ಏದುಸಿರು ಮೆಟ್ಟಿಲಿನದಲ್ಲ.

"ಸಾರ್, ನಮ್ಮ ಪಿಚ್ಚರ್ ಕಳ್ಳತನ ಆಗಿದೆ."

"ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್. "ಪೂರ್ತಿ ಪಿಚ್ಚರ್ರೋ, ಅರ್ಧಾನೋ?"

ಇನ್ಸ್‌ಪೆಕ್ಟರಿಗೆ ಸಿನಿಮಾ ಆಗಿಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಒಂದಕ್ಕೆ ಹೋಗಿ, ಹಾಡು ಶುರುವಾಗುವ ಮೊದಲೇ ನಿದ್ದೆ ಹೋಗಿ, ಆ ಮಾತನ್ನು ಇಪ್ಪತ್ತೈದು ವರ್ಷ ಕೇಳಿಸಿಕೊಂಡವರು. ಅದನ್ನು ಸರಿದೂಗಿಸುವಂತೆ ಅದೇ ಠಾಣೆಯಲ್ಲಿ ಒಬ್ಬ ಮಹಿಳಾ ಪೇದೆ ಇದ್ದಳು. ಯಾವ ಸಿನಿಮಾ ಬಿಡುಗಡೆಯಾದರೂ ಮೊದಲ ಆಟಕ್ಕೇ ಹೋಗುವುದರಿಂದ ಅವಳನ್ನು ಎಲ್ಲರೂ 'ಫಸ್ಟ್ ಶೋ' ಎಂದೇ ಕರೆಯುತ್ತಿದ್ದರು. ದೂರು ಬರೆದುಕೊಳ್ಳಲು ಕೂತವಳು ಅವಳೇ.

ದೂರಿನ ಸಾರಾಂಶ ಇಷ್ಟು. ಹನ್ನೊಂದನೇ ತಾರೀಕು ಸೋಮವಾರ ಮಧ್ಯಾಹ್ನ ಒಂದೂವರೆಯಿಂದ ಎರಡರ ನಡುವೆ ಕಂಪನಿಯವರೆಲ್ಲ ಊಟಕ್ಕೆ ಹೋಗಿದ್ದಾಗ, ಎರಡನೇ ಮಹಡಿಯ ಎಡಿಟಿಂಗ್ ಕೋಣೆಯಿಂದ ಒಂದು ಹಾರ್ಡ್ ಡಿಸ್ಕ್ ಕಾಣೆಯಾಗಿದೆ. ಆ ಹೊತ್ತಿನಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಒಳಗೆ ಹೋಗಿ ಬಂದದ್ದನ್ನು ಕಾವಲುಗಾರ ನೋಡಿದ್ದಾನೆ. ಕಂಪನಿಯಲ್ಲಿ ಯಾರೂ ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಿರಲಿಲ್ಲ.

"ಬೇಗ ಹಿಡೀರಿ ಸಾರ್. ಅದರಲ್ಲಿ ಹೀರೋ ವಿಗ್ ಇಲ್ಲದೆ ನಿಂತಿರೋದೆಲ್ಲ ಇದೆ. ಹೊರಗೆ ಬಂದ್ರೆ ನನ್ನ ಕತೆ ಮುಗೀತು."

"ವಿಗ್ ಇಲ್ಲದ್ದು ಅಂತ ಬರ್ಕೊಳ್ಲಾ ಸಾರ್?" ಫಸ್ಟ್ ಶೋ ಕೇಳಿದಳು.

"ಬರ್ಕೋಬೇಡಮ್ಮ!"

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದು ನಲವತ್ತಕ್ಕೆ ಇನ್ಸ್‌ಪೆಕ್ಟರ್ ಮತ್ತು ಫಸ್ಟ್ ಶೋ ಸ್ಥಳದಲ್ಲಿದ್ದರು.

ಕಾವಲುಗಾರ ಗೇಟಿನಲ್ಲೇ ಸಿಕ್ಕಿದ.

"ಗುರುತು ಪರಿಚಯ ಇಲ್ದೋನನ್ನ ಹೇಗೆ ಒಳಗೆ ಬಿಟ್ಟೆ?"

"ಎಲೆಕ್ಟ್ರಿಷಿಯನ್ ಸಾರ್. ನೋಡಿದ್ರೆ ಗೊತ್ತಾಗಲ್ವಾ?"

"ಏನು ನೋಡಿದೆ?"

"ಬಲಗಡೆ ಭುಜ ಇಳಿದಿತ್ತು, ಟೂಲ್ ಬ್ಯಾಗ್ ಹೊತ್ತೂ ಹೊತ್ತೂ. ಹೆಬ್ಬೆರಳ ಉಗುರು ಕಪ್ಪಗಿತ್ತು. ಒಳಗೆ ಬರೋಕ್ ಮುಂಚೆ ಮೇಲೆ ನೋಡಿ ವೈರ್ ಎಲ್ಲಿಂದ ಬಂದಿದೆ ಅಂತ ಕಣ್ಣಲ್ಲೇ ಹಿಡ್ಕೊಂಡು ಹೋದ. ನಮ್ಮ ಅಕ್ಕನ ಗಂಡ ಎಲೆಕ್ಟ್ರಿಷಿಯನ್ನೇ ಸಾರ್, ಅವನೂ ಇಷ್ಟು ಎಲೆಕ್ಟ್ರಿಷಿಯನ್ ಥರ ಇಲ್ಲ."

ಎಡಿಟಿಂಗ್ ಕೋಣೆಗೆ ಕಿಟಕಿ ಇರಲಿಲ್ಲ. ಮೂರು ಪರದೆ, ಹೊಟ್ಟೆ ಹರಿದ ಒಂದು ಸೋಫಾ, ಗೋಡೆಗೆ ಒಂದು ಕಪಾಟು. ಸಿನಿಮಾ ಕತ್ತರಿಸಿ ಜೋಡಿಸುವ ಎಡಿಟರ್ ಕಡ್ಡಿಯಂಥ ಮನುಷ್ಯ. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಅವನು ಕಪಾಟಿನಲ್ಲಿ ಖಾಲಿಯಾದ ಜಾಗ ತೋರಿಸಿದ. ಪಕ್ಕದಲ್ಲೇ ನೀಲಿ ಚೀಟಿ ಅಂಟಿಸಿದ ಇನ್ನೊಂದು ಡಿಸ್ಕ್ ಇತ್ತು.

"ಇದೇನು?"

"ಅದು ಪಿಚ್ಚರ್ ಸಾರ್."

"ಮತ್ತೆ ಹೋಗಿರೋದು?"

"ಹಳದಿ ಚೀಟಿದು. ಕತ್ತರಿಸಿ ಹಾಕಿದ ಸೀನ್‌ಗಳು. ಬೇಡದ್ದು." ಎಡಿಟರ್ ಗಂಟಲು ಸರಿಮಾಡಿಕೊಂಡ. "ಸೋಮವಾರ ಸಂಜೆ ಆರಕ್ಕೆ ಅಳಿಸೋದಿತ್ತು. ಡಿಸ್ಕ್ ಬೇರೆ ಕೆಲಸಕ್ಕೆ ಬೇಕು ಅಂದಿದ್ರು."

ಇನ್ಸ್‌ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದರು. "ಪಿಚ್ಚರ್ ಕಳ್ಳತನ ಆಗಿದೆ ಅಂದ್ರಿ. ಕಸ ಕಳ್ಳತನ ಆಗಿದೆ."

"ಕಸದಲ್ಲೇ ಬೋಳುತಲೆ ಇರೋದು ಸಾರ್!"

ಸ್ಥಳ ಪಂಚನಾಮೆ ಬರೆಯುತ್ತಿದ್ದ ಫಸ್ಟ್ ಶೋ ಹಾಳೆ ಹಾರದಂತೆ ಮೊಣಕೈ ಊರಿದಳು. ಆಮೇಲೆ ತಲೆಯೆತ್ತಿ ನೋಡಿದಳು. ಫ್ಯಾನ್ ಜೋರಾಗಿ ತಿರುಗುತ್ತಿತ್ತು.

"ಒಳ್ಳೇ ಗಾಳಿ ಬರುತ್ತಲ್ಲ," ಎಂದರು ಇನ್ಸ್‌ಪೆಕ್ಟರ್.

"ಅದೇ ಆಶ್ಚರ್ಯ ಸಾರ್," ಎಂದ ಎಡಿಟರ್. "ಆರು ತಿಂಗಳಿಂದ ಕೆಟ್ಟು ಕೂತಿತ್ತು. ಹೇಳಿ ಹೇಳಿ ನನ್ನ ಬಾಯೇ ಬಿದ್ದೋಗಿತ್ತು. ಇವತ್ತು ಬೆಳಗ್ಗೆ ಸುಮ್ನೆ ಸ್ವಿಚ್ ಒತ್ತಿದೆ, ತಿರುಗಿತು."

ಇನ್ಸ್‌ಪೆಕ್ಟರ್ ಫ್ಯಾನ್ ನಿಲ್ಲಿಸಿ ಕುರ್ಚಿ ಹತ್ತಿದರು. ಹೊಸ ಕೆಪಾಸಿಟರ್. ವೈರಿನ ಗಂಟಿಗೆ ಮೂರು ಸುತ್ತು ಟೇಪು, ತುದಿ ಒಳಗೆ ಮಡಚಿದ್ದು. ಅವರು ಕುರ್ಚಿಯ ಮೇಲೆಯೇ ಸ್ವಲ್ಪ ಹೊತ್ತು ನಿಂತರು. ಕೆಪಾಸಿಟರನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದಾನೆ. ಅಂದರೆ ಫ್ಯಾನ್ ಕೆಟ್ಟಿರುವುದು ಅವನಿಗೆ ಮೊದಲೇ ಗೊತ್ತು. ಅಂದರೆ ಈ ಕೋಣೆಯಲ್ಲಿ ಒಮ್ಮೆ ಕೂತು ಬೆವತವನು.

"ಕದಿಯೋಕೆ ಬಂದೋನು ಫ್ಯಾನ್ ಯಾಕಮ್ಮ ರಿಪೇರಿ ಮಾಡಿದ?"

ಫಸ್ಟ್ ಶೋ ಉತ್ತರ ಕೊಟ್ಟದ್ದು ಕೋಣೆಯ ಸಿಸಿಟಿವಿ ನೋಡಿದ ಮೇಲೆ.

ದೃಶ್ಯದಲ್ಲಿ ಒಂದು ನಲವತ್ತೊಂದಕ್ಕೆ ಎಲೆಕ್ಟ್ರಿಷಿಯನ್ ಒಳಗೆ ಬರುತ್ತಾನೆ. ದಪ್ಪ ಮೀಸೆ, ಟೋಪಿ, ಕನ್ನಡಕ. ಕೋಣೆಯಲ್ಲಿ ನರಪಿಳ್ಳೆ ಇಲ್ಲ. ಆದರೂ ಟೆಸ್ಟರ್ ಹಚ್ಚಿ ನೋಡುತ್ತಾನೆ, ತಲೆಯಾಡಿಸುತ್ತಾನೆ, ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಾನೆ. ಏಳು ನಿಮಿಷ ಫ್ಯಾನಿನ ಕೆಲಸ. ಕೊನೆಗೆ ಕಪಾಟಿನಿಂದ ಹಳದಿ ಚೀಟಿಯ ಡಿಸ್ಕ್ ತೆಗೆದುಕೊಂಡು, ಟ್ಯೂಬ್‌ಲೈಟ್ ಕೆಳಗೆ ಒಂದು ಕ್ಷಣ ನಿಂತು, ಹೊರಟುಹೋಗುತ್ತಾನೆ.

"ಸಾರ್, ಇನ್ನೊಂದು ಸಲ ಹಾಕ್ಸಿ," ಎಂದಳು ಫಸ್ಟ್ ಶೋ. ನೋಡಿದಳು. "ಇವನು ಕ್ಯಾಮೆರಾಗೆ ಬೆನ್ನೇ ತೋರಿಸ್ತಿಲ್ಲ. ಕಪಾಟು ಎಡಕ್ಕಿದೆ, ಬಲಗೈ ಚಾಚಿದ್ರೆ ತೋಳು ಮುಖಕ್ಕೆ ಅಡ್ಡ ಬರುತ್ತೆ. ಅದಕ್ಕೆ ಎಡಗೈಲಿ ತಗೊಂಡ. ಬಾಗಿಲಿಗೆ ನೆಟ್ಟಗೆ ಹೋದ್ರೆ ನಾಲ್ಕು ಹೆಜ್ಜೆ. ಆದ್ರೆ ಸುತ್ತಿ ಹೋಗಿ ಬೆಳಕಲ್ಲಿ ನಿಂತ. ಯಾವ ಕಳ್ಳ ಸಾರ್ ಬೆಳಕು ಹುಡುಕ್ಕೊಂಡು ಹೋಗೋದು?"

"ಏನು ಹಾಗಂದ್ರೆ?"

"ನಟ ಸಾರ್. ಅದೂ ಕಲಿತ ನಟ. ಈ ಊರಲ್ಲಿ ಹೀಗೆ ಕಲಿಸೋರು ಒಬ್ರೇ." ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು. "ನಾನೂ ಮೂರು ತಿಂಗಳು ಹೋಗಿದ್ದೆ. ಅಷ್ಟರಲ್ಲಿ ಪೊಲೀಸ್ ಕೆಲಸದ ಆರ್ಡರ್ ಬಂತು."

ಆ ಹಳದಿ ಡಿಸ್ಕಿನಲ್ಲಿ ಯಾರ ಯಾರ ದೃಶ್ಯ ಇತ್ತು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಎಡಿಟರ್ ಒಂಬತ್ತು ಜನರ ಪಟ್ಟಿ ಬರೆದುಕೊಟ್ಟ.

"ಸೋಮವಾರ ಅಳಿಸ್ತೀರಿ ಅನ್ನೋದು ಇವರಲ್ಲಿ ಯಾರಿಗೆ ಗೊತ್ತಿತ್ತು?"

ಎಡಿಟರ್ ಫ್ಯಾನ್ ನೋಡಿದ. "ಕೇಳಿದೋರಿಗೆ ಹೇಳಿದೀನಿ ಸಾರ್."

"ಯಾರು ಕೇಳಿದ್ರು?"

"ಜ್ಞಾಪಕ ಇಲ್ಲ ಸಾರ್," ಎಂದು ಎಡಿಟರ್ ಹೇಳಿದ. ಗಾಳಿಗೆ ಅವನ ಕೂದಲು ಹಾರುತ್ತಿತ್ತು. ಇನ್ಸ್‌ಪೆಕ್ಟರ್ ಮತ್ತೆ ಕೇಳಲಿಲ್ಲ.

ಅದೇ ದಿನ ಸಂಜೆ ನಾಲ್ಕೂವರೆ. ಸೈಕಲ್ ಗೋದಾಮಿನ ಮೇಲಿನ ಉದ್ದನೆಯ ಹಾಲ್. ಹನ್ನೆರಡು ಮಂದಿ ವಿದ್ಯಾರ್ಥಿಗಳು ಸರದಿಯಲ್ಲಿ ಒಂದೇ ಕುರ್ಚಿಯ ಮೇಲೆ ಕೂರುತ್ತಿದ್ದರು, ಏಳುತ್ತಿದ್ದರು. ಎಂಬತ್ತು ದಾಟಿದ ಮೇಷ್ಟ್ರು ಗೋಡೆಗೊರಗಿ, "ಕುರ್ಚೀನ ನೋಡಬೇಡ್ವೋ, ಅದೇನು ಓಡಿಹೋಗುತ್ತಾ? ತೊಡೆಗೆ ತಾಗುತ್ತೆ, ಆಮೇಲೆ ಕೂರು," ಎನ್ನುತ್ತಿದ್ದರು. ಬರೀ ಕೂರುವುದಕ್ಕೇ ಅಲ್ಲಿ ಒಂದು ತಿಂಗಳು. ನಡೆಯುವುದಕ್ಕೆ ಮೂರು. ಹೀಗೆ ಮೈ ಬಗ್ಗಿಸಿ ಕಲಿತವರು ಹೊರಗೆ ಹೋದರೆ, ಯಾರದೋ ಭಾವಮೈದುನ ಬಂದು ಅವರ ಪಾತ್ರ ಮಾಡುತ್ತಾನೆ. ಮೇಷ್ಟ್ರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಮಾರನೇ ದಿನ ನಾಲ್ಕಕ್ಕೆ ಸರಿಯಾಗಿ ಕುರ್ಚಿ ಹಾಕಿಸುತ್ತಿದ್ದರು.

"ಓ, ಬಂದ್ಯಾ ತಾಯಿ," ಎಂದರು ಫಸ್ಟ್ ಶೋ ನೋಡಿ. "ಯೂನಿಫಾರ್ಮ್ ಚೆನ್ನಾಗಿದೆ. ನಡಿಗೆ ಇನ್ನೂ ಬಂದಿಲ್ಲ."

ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕೂತರು. ಕೂರುವ ಮುಂಚೆ ಕುರ್ಚಿ ನೋಡಿಬಿಟ್ಟರು. ಹಿಂದೆ ಯಾರೋ ಕಿಸಕ್ಕೆಂದರು.

ಮೊಬೈಲಿನಲ್ಲಿ ಸಿಸಿಟಿವಿ ದೃಶ್ಯ ತೋರಿಸಿದರು. ಮೇಷ್ಟ್ರು ಮೂರು ಸಲ ನೋಡಿದರು. ಮೂರನೇ ಸಲ ಅವರ ಮುಖ ಅರಳಿತು.

"ಯಾರು ಮೇಷ್ಟ್ರೇ ಇದು?"

"ಸ್ಕ್ರೂ ತುಟೀಲಿ ಕಚ್ಕೊಂಡ ನೋಡಿದ್ರಾ? ಕಚ್ಕೊಂಡ ಮೇಲೆ ಮೂಗಲ್ಲೇ ಉಸಿರಾಡ್ತಿದಾನೆ. ಯಾರೂ ನೋಡ್ತಿಲ್ಲ ಅಂತ ಗೊತ್ತಿದ್ರೂನು."

"ಹೆಸರು ಕೇಳಿದೆ."

"ಬೆಳಕು ಕೆನ್ನೆಗೆ ಬೆಚ್ಚಗೆ ತಾಗಿದ್ರೆ ಅದೇ ನಿನ್ನ ಜಾಗ, ಅಲ್ಲಿ ನಿಲ್ಲು ಅಂತ ಒಂಬತ್ತು ವರ್ಷ ತಲೆ ಮೇಲೆ ಕುಟ್ಟಿದೀನಿ ಇನ್ಸ್‌ಪೆಕ್ಟ್ರೇ. ಕಳ್ಳತನಕ್ಕೆ ಹೋದಾಗ್ಲೂ ನಿಂತಿದಾನೆ ಅಂದ್ರೆ ತಪ್ಪು ಅವನದ್ದಲ್ಲ. ಕೋಳ ಹಾಕೋದಾದ್ರೆ ನನ್ಗೆ ಹಾಕಿ."

ಫಸ್ಟ್ ಶೋ ಒಂಬತ್ತು ಜನರ ಪಟ್ಟಿಯನ್ನು ಅವರ ಮುಂದೆ ಇಟ್ಟಳು. ಮೇಷ್ಟ್ರು ಬೆರಳಿಟ್ಟು ಓದುತ್ತಾ ಹೋದರು. ಏಳನೇ ಸಾಲಿನ ಹತ್ತಿರ ಬೆರಳು ನಿಂತಿತು. ಅಲ್ಲಿ ಎಡಿಟರ್ ಹೀಗೆ ಬರೆದಿದ್ದ: 'ಹೆಣದಣ್ಣ. ಇಪ್ಪತ್ತು ಸೆಕೆಂಡು.'

ಹೆಣದಣ್ಣನನ್ನು ಸಿನಿಮಾ ನೋಡುವವರೆಲ್ಲ ನೋಡಿದ್ದಾರೆ, ಯಾರಿಗೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಲವತ್ತೊಂದು ಸಿನಿಮಾ, ನಲವತ್ತೊಂದರಲ್ಲೂ ಹೆಣ. ಉಸಿರನ್ನು ಎದೆಗೆ ಎಳೆಯದೆ ಬೆನ್ನಿನ ಕಡೆಗೆ ಎಳೆಯುವುದನ್ನು ಮೇಷ್ಟ್ರ ಹತ್ತಿರ ಕಲಿತಿದ್ದ. ಎಷ್ಟು ಹತ್ತಿರದಿಂದ ಚಿತ್ರ ತೆಗೆದರೂ ಎದೆ ಏಳುತ್ತಿರಲಿಲ್ಲ. ಅದೇ ಅವನಿಗೆ ಮುಳುವಾಯಿತು. ಒಂದು ಸಲ ಚೆನ್ನಾಗಿ ಸತ್ತವನನ್ನು ಯಾರೂ ಮತ್ತೆ ಏಳಗೊಡಲಿಲ್ಲ. ಪರದೆಯ ಮೇಲೆ ನಟಿಸಿದ ನಾಯಿಯ ಹೆಸರನ್ನೂ ಹಾಕುತ್ತಾರೆ, ಹೆಣದ್ದು ಹಾಕುವುದಿಲ್ಲ.

ಹದಿಮೂರನೇ ತಾರೀಕು, ಬುಧವಾರ, ಬೆಳಗ್ಗೆ ಹನ್ನೊಂದು ಕಾಲು. ಮುಚ್ಚಿದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಬೇರೊಂದು ಸಿನಿಮಾದ ಚಿತ್ರೀಕರಣ. ಹೆಣದಣ್ಣ ನೆಲದ ಮೇಲೆ ಅಂಗಾತ ಬಿದ್ದಿದ್ದ. ಕಣ್ಣು ತೆರೆದಿತ್ತು. ಕತ್ತಿನ ಬಳಿ ಕೆಂಪು ಬಣ್ಣ.

ಸಹಾಯಕ ನಿರ್ದೇಶಕಿ ಓಡಿಬಂದಳು. "ಊಟದ ತನಕ ಎಬ್ಬಿಸಂಗಿಲ್ಲ ಸಾರ್! ರಕ್ತ ಒಣಗಿಸೋಕೆ ನಲವತ್ತು ನಿಮಿಷ ಹಿಡೀತು. ಎದ್ರೆ ಬಿರುಕು ಬಿಡುತ್ತೆ."

"ವಿಚಾರಣೆ ಮಾಡ್ಬೇಕು."

"ಮಲಗಿದ್ದಂಗೇ ಮಾಡಿ ಸಾರ್, ಏನೂ ಅಂದ್ಕೊಳಲ್ಲ ಅವ್ರು."

ಇನ್ಸ್‌ಪೆಕ್ಟರ್ ಪ್ಯಾಂಟ್ ಎಳೆದುಕೊಂಡು ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಅವರ ಸರ್ವೀಸಿನಲ್ಲಿ ಹೆಣದ ಪಕ್ಕ ಕೂತದ್ದು ಎಷ್ಟೋ ಸಲ. ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಸೋಮವಾರ ಮಧ್ಯಾಹ್ನ ಒಂದು ನಲವತ್ತೊಂದಕ್ಕೆ ಎಲ್ಲಿದ್ರಿ?"

ಹೆಣ ಸೂರನ್ನೇ ನೋಡುತ್ತಿತ್ತು.

"ಕೇಳಿಸ್ತಾ?"

"ಕೇಳಿಸ್ತು ಸಾರ್." ತುಟಿ ಅಲುಗಲಿಲ್ಲ, ರೆಪ್ಪೆಯೂ. "ಲೈಟ್ ಉರೀತಿದೆ. ಆರಿಸ್ಲಿ, ಹೇಳ್ತೀನಿ."

ದೀಪ ಆರಿತು. ಹೆಣ ರೆಪ್ಪೆ ಬಡಿಯಿತು.

"ಎಡಿಟಿಂಗ್ ಕೋಣೇಲಿದ್ದೆ ಸಾರ್."

"ಡಿಸ್ಕ್ ತಗೊಂಡ್ರಾ?"

"ಹೂಂ."

"ಎಲ್ಲಿದೆ?"

"ಮನೇಲಿ. ಅಮ್ಮನ ಮಂಚದ ಕೆಳಗೆ, ಟ್ರಂಕಲ್ಲಿ."

"ಯಾರಿಗಾದ್ರೂ ತೋರಿಸಿದ್ರಾ? ಕಾಪಿ ಮಾಡಿದ್ರಾ?"

"ತೆಗೆಯೋಕೇ ಬರ್ಲಿಲ್ಲ ಸಾರ್." ಈಗ ದನಿ ಸ್ವಲ್ಪ ಒಡೆಯಿತು. "ಕೆಳಗಿನ ಮನೆಯವರ ಕಂಪ್ಯೂಟರ್‌ಗೆ ಹಾಕಿದೆ, ಪಾಸ್‌ವರ್ಡ್ ಕೇಳಿತು. ಕದ್ದೂ ನೋಡೋಕಾಗ್ಲಿಲ್ಲ. ನನ್ನ ಹಣೇಬರಹ ನೋಡಿ."

"ಫ್ಯಾನ್ ಯಾಕೆ ರಿಪೇರಿ ಮಾಡಿದ್ರಿ?"

ಹೆಣದಣ್ಣ ಕತ್ತು ತಿರುಗಿಸಲು ಹೋಗಿ, ರಕ್ತದ ನೆನಪಾಗಿ, ಕಣ್ಣುಗುಡ್ಡೆ ಮಾತ್ರ ತಿರುಗಿಸಿದ. ಪ್ರಶ್ನೆಯೇ ಅವನಿಗೆ ವಿಚಿತ್ರವಾಗಿ ಕಂಡಿತ್ತು.

"ಎಲೆಕ್ಟ್ರಿಷಿಯನ್ ಆಗಿ ಹೋಗಿದ್ದೆ ಸಾರ್. ಕೆಟ್ಟ ಫ್ಯಾನ್ ಕಣ್ಣಿಗೆ ಕಾಣ್ತಿದ್ರೆ ಹಾಗೇ ಬಿಟ್ಟು ಹೇಗೆ ಬರೋದು?"

ಮಿಕ್ಕಿದ್ದನ್ನು ಬಿದ್ದಲ್ಲಿಂದಲೇ ಹೇಳಿದ. ಆ ಸಿನಿಮಾದಲ್ಲಿ ಮೊಟ್ಟಮೊದಲ ಸಲ ಅವನಿಗೆ ಜೀವಂತ ಪಾತ್ರ ಸಿಕ್ಕಿತ್ತು. ಇಪ್ಪತ್ತು ಸೆಕೆಂಡಿನದು. ಹೀರೋ ಮನೆಯ ಕರೆಂಟ್ ಸರಿಮಾಡಿ, ಹೀರೋನ ತಾಯಿಗೆ ಒಂದು ಮಾತು ಹೇಳಿ, ಬಾಗಿಲು ದಾಟಿ ಹೊರಡುವ ಎಲೆಕ್ಟ್ರಿಷಿಯನ್. ಆ ಇಪ್ಪತ್ತು ಸೆಕೆಂಡಿಗೆ ಅವನು ಒಬ್ಬ ನಿಜವಾದ ಎಲೆಕ್ಟ್ರಿಷಿಯನ್ ಹಿಂದೆ ನಾಲ್ಕು ತಿಂಗಳು ಬ್ಯಾಗ್ ಹೊತ್ತು ತಿರುಗಿದ್ದ. ಒಂದೇ ಟೇಕಿನಲ್ಲಿ ಮುಗಿಯಿತು. ಆದರೆ ಮಾತು ಹೇಳುವಾಗ ಅವನ ಕೆನ್ನೆ ಬೆಳಕನ್ನು ಹುಡುಕಿಕೊಂಡು ಹೋಗಿತ್ತು. ಅದು ಹೀರೋಗೆ ಹಾಕಿದ ಬೆಳಕು. ಹೀರೋ ಕತ್ತಲಲ್ಲಿ ಉಳಿದ. ಸಿನಿಮಾ ನೋಡಿದ ಹೀರೋ, "ಆ ಹೆಣಾನ ತೆಗೀರಿ" ಎಂದ. ತೆಗೆದರು. ಒಂದು ಕಾಪಿಯಾದರೂ ಕೊಡಿ ಎಂದು ಹೆಣದಣ್ಣ ಎಡಿಟಿಂಗ್ ಕೋಣೆಗೆ ಬಂದು ಎರಡು ಗಂಟೆ ಬೆವರಿದ. "ಹೆಣಕ್ಕೆ ಯಾಕಯ್ಯಾ ಕಾಪಿ?" ಎಂದು ಮ್ಯಾನೇಜರ್ ನಕ್ಕ. ಎಲ್ಲರೂ ನಕ್ಕರು. ಎಡಿಟರ್ ಮಾತ್ರ ನಗಲಿಲ್ಲ.

"ನೀವು ನೋಡ್ಕೊಳ್ಳೋಕಾ?" ಇನ್ಸ್‌ಪೆಕ್ಟರ್ ಕೇಳಿದರು.

"ನನಗ್ಯಾಕೆ ಸಾರ್, ಮಾಡಿದೋನು ನಾನೇ. ಅಮ್ಮನಿಗೆ. ನನ್ನ ಮೊದಲನೇ ಪಿಚ್ಚರ್‌ಗೆ ಬಂದಿದ್ಲು. ನಾನು ಬಿದ್ದಿದ್ದು ನೋಡಿ ಥಿಯೇಟರಲ್ಲೇ ಕಿರುಚಿಬಿಟ್ಲು. ನಾನು ಪಕ್ಕದಲ್ಲೇ ಕೂತಿದೀನಿ, ಕೈ ಹಿಡ್ಕೊಂಡಿದೀನಿ, ಆದ್ರೂ ನಿಲ್ಲಿಸ್ಲಿಲ್ಲ. ಅವತ್ತಿಂದ ಒಂದೂ ನೋಡಿಲ್ಲ. ಈ ಸಲ ಬದುಕಿರ್ತೀನಿ ಬಾ ಅಮ್ಮ ಅಂತ ಒಪ್ಪಿಸಿದ್ದೆ. ಹೊಸ ಕನ್ನಡಕ ಮಾಡಿಸ್ಕೊಂಡಿದಾಳೆ ಸಾರ್ ಅದಕ್ಕೆ. ಇಡೀ ಕಟ್ಟಡಕ್ಕೆ ಹೇಳ್ಕೊಂಡು ಬಂದಿದಾಳೆ." ಕಣ್ಣುಗುಡ್ಡೆ ಮತ್ತೆ ಸೂರಿನ ಕಡೆ ಹೋಯಿತು. "ಇವತ್ತಿನದು ನಲವತ್ತೆರಡು. ಇದನ್ನ ಅವಳಿಗೆ ಹೇಳ್ಬೇಡಿ."

ಫಸ್ಟ್ ಶೋ ಹೇಳಿಕೆ ಬರೆಯುತ್ತಿದ್ದ ಪೆನ್ನು ಕೊಡವಿದಳು. ಇಂಕ್ ಚೆನ್ನಾಗಿಯೇ ಬರುತ್ತಿತ್ತು.

ಊಟದ ಬಿಡುವಿನಲ್ಲಿ ಹೆಣದಣ್ಣ ಎದ್ದು ಮುಖ ತೊಳೆದುಕೊಂಡ. ಒಂದೂವರೆಗೆ ಜೀಪು ಅವನ ಮನೆ ಮುಂದೆ ನಿಂತಿತು. ಮೂರನೇ ಮಹಡಿ, ಒಂದೇ ಕೋಣೆ, ಕಿಟಕಿಯ ಪಕ್ಕ ಮಂಚ. ಮಂಚದ ಮೇಲೆ ತಾಯಿ. ಎಪ್ಪತ್ತೆಂಟು ವಯಸ್ಸು, ಹೊಸ ಕನ್ನಡಕ, ಕನ್ನಡಕದ ದಾರ ಕತ್ತಿಗೆ.

"ಯಾರಪ್ಪ ಇವ್ರು? ನಿನ್ನ ಜೊತೆ ಪಾರ್ಟ್ ಮಾಡೋರಾ? ಪೊಲೀಸ್ ಡ್ರೆಸ್ ಚೆನ್ನಾಗಿ ಒಪ್ಪುತ್ತೆ," ಎಂದರು ಇನ್ಸ್‌ಪೆಕ್ಟರನ್ನು ನೋಡಿ.

"ನಿಜವಾದ ಪೊಲೀಸಮ್ಮ," ಎಂದ ಮಗ. ನಿಂತಲ್ಲೇ ಎಲ್ಲ ಹೇಳಿದ.

ತಾಯಿ ಪೂರ್ತಿ ಕೇಳಿಸಿಕೊಂಡರು. "ಕದ್ಯಾ?"

"ಹೂಂ ಅಮ್ಮ."

"ನಾಚಿಕೆ ಆಗಲ್ವಾ ನಿನಗೆ? ಸಾಯ್ಸಿ ಸಾಯ್ಸಿ ಸಾಕಾಗದೆ ಈಗ ಇರೋ ಒಂದನ್ನೂ ಕಿತ್ಹಾಕಿದ್ರಾ? ಎಲ್ಲಿದಾನೆ ಆ ಮ್ಯಾನೇಜರ್?" ಬೈಗುಳ ಮಗನಿಂದ ಶುರುವಾಗಿ ಎಲ್ಲಿಗೋ ಹೋಯಿತು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಟ್ರಂಕಿನಿಂದ ಡಿಸ್ಕ್ ಹೊರಬಂತು. ಕೆಳಮನೆಯ ದರ್ಜಿ ಮತ್ತು ಎದುರುಮನೆಯ ನಿವೃತ್ತ ನರ್ಸ್ ಪಂಚರಾಗಿ ಬಂದರು. ಮಾಲು ಗುರುತಿಸಲು ಎಡಿಟರನ್ನು ಕರೆಸಿದ್ದರು. ಅವನು ಹಳದಿ ಚೀಟಿ ನೋಡಿದ ತಕ್ಷಣ, "ಇದೇ ಸಾರ್, ಸಹಿ ಎಲ್ಲಿ ಹಾಕ್ಲಿ?" ಎಂದ.

ಇನ್ಸ್‌ಪೆಕ್ಟರ್ ಪೆನ್ನು ಕೊಡಲಿಲ್ಲ.

"ಚೀಟಿ ಯಾರು ಬೇಕಾದ್ರೂ ಅಂಟಿಸ್ಬಹುದು. ಒಳಗಿನ ಮಾಲು ಸುಸ್ಥಿತೀಲಿದೆಯಾ ಇಲ್ವಾ, ಪಂಚರ ಸಮಕ್ಷಮ ನೋಡ್ಬೇಕು."

"ಎಲ್ಲಾನೂ ನೋಡಿದ್ರೆ ಆರು ಗಂಟೆ ಆಗುತ್ತೆ ಸಾರ್."

"ಎಲ್ಲಾ ಬೇಡ. ಬೋಳುತಲೆ ನನಗೆ ಬೇಡ. ಒಂದು ಸೀನ್ ಸಾಕು. ಯಾವುದು ಅಂತ ನೀವೇ ಆರಿಸಿ."

ಎಡಿಟರ್ ಅವರ ಮುಖ ನೋಡಿದ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. ಇಡುವುದಕ್ಕೆ ಕೋಣೆಯಲ್ಲಿ ಮೇಜು ಇರಲಿಲ್ಲ. ಮಂಚದ ಮೇಲೆಯೇ ಇಡಬೇಕಾಯಿತು. ಮಂಚದ ಮೇಲೆ ತಾಯಿ ಇದ್ದರು. ಸಂಬಂಧಿಕರನ್ನು ಹೊರಗೆ ಕಳಿಸಬೇಕಾ ಎಂದು ಫಸ್ಟ್ ಶೋ ಕೇಳಲಿಲ್ಲ, ಇನ್ಸ್‌ಪೆಕ್ಟರ್ ಹೇಳಲಿಲ್ಲ.

ಪರದೆಯ ಮೇಲೆ ಕತ್ತಲ ಕೋಣೆ. ಟಕ್ಕೆಂದು ಬೆಳಕು. ಏಣಿಯಿಂದ ಒಬ್ಬ ಎಲೆಕ್ಟ್ರಿಷಿಯನ್ ಇಳಿಯುತ್ತಾನೆ, ಬಲಭುಜ ಸ್ವಲ್ಪ ಕೆಳಗೆ. ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾನೆ. ಬಾಗಿಲಿನ ಹತ್ತಿರ ತಿರುಗುತ್ತಾನೆ, ಬೆಳಕು ಕೆನ್ನೆಯ ಮೇಲೆ. "ಕರೆಂಟ್ ಬಂತಮ್ಮ. ಇನ್ನೇನೂ ಹೆದರ್ಕೋಬೇಡಿ. ನಾನು ಬರ್ತೀನಿ." ಹೊರಡುತ್ತಾನೆ. ಹೊರಗೆ ಅವನ ಹೆಜ್ಜೆ ಸದ್ದು ಮೆಟ್ಟಿಲಿಳಿಯುವವರೆಗೂ ಕೇಳುತ್ತದೆ.

ತಾಯಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದರು. "ಹೋದ್ನಾ? ಆಮೇಲೆ ಏನೂ ಆಗಲ್ವಾ ಅವನಿಗೆ?"

"ಏನೂ ಆಗಲ್ಲ ಅಮ್ಮ," ಎಂದ ಎಡಿಟರ್. "ಮನೆಗೆ ಹೋಗ್ತಾನೆ."

"ಮೆಟ್ಲು ಇಳಿಯೋದು ಕೇಳಿಸ್ತಲ್ಲ," ಎಂದು ಅವರು ಪಕ್ಕದಲ್ಲಿದ್ದ ನರ್ಸ್‌ಗೆ ಹೇಳಿದರು. "ಚೆನ್ನಾಗಿ ಇಳಿದ."

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. "ಸ್ಪಷ್ಟವಾಗಿ ಕಾಣ್ಲಿಲ್ಲ. ಇನ್ನೊಂದು ಸಲ ಹಾಕಿ."

ಇನ್ನೊಂದು ಸಲ ಹಾಕಿದರು. ಒಟ್ಟು ನಾಲ್ಕು ಸಲ. ಹೆಣದಣ್ಣ ಗೋಡೆಗೆ ಒರಗಿ ನಿಂತಿದ್ದ. ಅವನು ಪರದೆ ನೋಡಲಿಲ್ಲ, ತಾಯಿಯ ಮುಖ ನೋಡುತ್ತಿದ್ದ. ಅವನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು.

ಎರಡು ಮೂವತ್ತೈದಕ್ಕೆ ಬಂಧನ ದಾಖಲಾಯಿತು. ಕೋಳ ಹಾಕಲಿಲ್ಲ. ಹೆಣದಣ್ಣ ತಲೆ ತಗ್ಗಿಸಿ ಬಾಗಿಲ ಕಡೆ ಹೊರಟ. ಬೆನ್ನು ಹಾಕಿಕೊಂಡೇ, "ಬರ್ತೀನಮ್ಮ," ಎಂದ.

"ಹಾಗಲ್ಲ," ಎಂದರು ತಾಯಿ. "ಅಲ್ಲಿ ಹೇಳ್ದಂಗೆ ಹೇಳು."

ಹೊಸ್ತಿಲಲ್ಲಿ ಅವನು ತಿರುಗಿದ. ಕಿಟಕಿಯ ಬಿಸಿಲು ಅಲ್ಲಿಯ ತನಕ ಬಂದಿತ್ತು. ಅರ್ಧ ಹೆಜ್ಜೆ ಸರಿದು ಅದರಲ್ಲಿ ನಿಂತ.

"ಇನ್ನೇನೂ ಹೆದರ್ಕೋಬೇಡಮ್ಮ. ನಾನು ಬರ್ತೀನಿ."

"ಹೂಂ. ಹೋಗ್ಬಾ," ಎಂದರು ತಾಯಿ. ಮೆಟ್ಟಿಲಿನ ಸದ್ದು ಮುಗಿಯುವ ತನಕ ಕಿವಿಗೊಟ್ಟು ಕೂತಿದ್ದರು ಎಂದು ನರ್ಸ್ ಆಮೇಲೆ ಫಸ್ಟ್ ಶೋಗೆ ಹೇಳಿದರು.

ಮಾರನೇ ದಿನ ಅವನಿಗೆ ಜಾಮೀನು ಸಿಕ್ಕಿತು. ಮೇಷ್ಟ್ರು ಬಂದು ಶ್ಯೂರಿಟಿ ನಿಂತರು. ಬರೆಯಬೇಕಾದ್ದನ್ನು ಇನ್ಸ್‌ಪೆಕ್ಟರ್ ಬರೆದರು. ದೋಷಾರೋಪ ಪಟ್ಟಿಯಲ್ಲಿ 'ಕೃತ್ಯದ ಉದ್ದೇಶ' ಎಂಬ ಕಡೆ ಎಲ್ಲರೂ ಬರೆಯುವ ಮಾತುಗಳಿವೆ. ದುರಾಸೆ, ದ್ವೇಷ, ದುರ್ಲಾಭ. ಅವರು ಪೆನ್ನು ಹಿಡಿದು ಬಹಳ ಹೊತ್ತು ಕೂತು, ಕೊನೆಗೆ 'ಲಗತ್ತಿಸಿದ ಪಂಚನಾಮೆ ನೋಡುವುದು' ಎಂದಷ್ಟೇ ಬರೆದರು.

ಪಂಚನಾಮೆ ಫಸ್ಟ್ ಶೋ ಕೈಬರಹದಲ್ಲಿತ್ತು. ಅದರ ಹದಿನೇಳನೇ ಸಾಲಿಗೆ ಮೇಲಧಿಕಾರಿಗಳು ಕೆಂಪು ಗೆರೆ ಎಳೆದು, 'ಇದು ಅವಶ್ಯವೇ?' ಎಂದು ಕೇಳಿ ಕಡತ ವಾಪಸ್ ಕಳಿಸಿದರು. ಇನ್ಸ್‌ಪೆಕ್ಟರ್ ಕೆಳಗೆ 'ಅವಶ್ಯ' ಎಂದು ಬರೆದು, ಸಹಿ ಹಾಕಿ, ಹಾಗೇ ಕಳಿಸಿದರು. ಆ ಸಾಲು ಈಗಲೂ ಕಡತದಲ್ಲಿದೆ:

'ಸದರಿ ಡಿಸ್ಕನ್ನು ಪಂಚರ ಸಮಕ್ಷಮ ನಾಲ್ಕು ಬಾರಿ ಪರಿಶೀಲಿಸಲಾಗಿ, ಆರೋಪಿಯು ಜೀವಂತವಾಗಿ ಕಂಡುಬಂದಿರುತ್ತಾನೆ.'